ಎಡ ಹಿಂಬಾಗಿಲು

ಲೂಯಿಸ್ ಬೇರೆ ಗ್ಯಾರೇಜು ತೆರೆದದ್ದಕ್ಕೆ ಡೆರಿಕ್‌ಗೆ ಬೇಸರವಿರಲಿಲ್ಲ. ಶಿರ್ವದಲ್ಲಿ ಒಂದೇ ತಗಡಿನ ಮಾಡಿನ ಕೆಳಗೆ ಇಬ್ಬರೂ ಕಾರುಗಳ ವಯರಿಂಗ್ ಮಾಡಿದವರು. ಒಬ್ಬ ಕಾಪುವಿಗೆ ಹೋಗಿ ಹೆದ್ದಾರಿ ಬದಿಯಲ್ಲಿ ಬೋರ್ಡು ಹಾಕಿದರೆ ಹಾಕಲಿ. ಆದರೆ ಹೋಗುವಾಗ ಅವನು ಗಿರಾಕಿಗಳ ಕಿವಿಯಲ್ಲಿ ಒಂದು ಮಾತು ಊದಿ ಹೋಗಿದ್ದ: "ಡೆರಿಕ್‌ಗೆ ಈಗ ಕೈ ನಡುಗುತ್ತದೆ. ಕುಡಿತ ಜಾಸ್ತಿ ಉಂಟು, ಪಾಪ." ಡೆರಿಕ್ ಹಬ್ಬಕ್ಕೂ ಗ್ಲಾಸು ಮುಟ್ಟುವವನಲ್ಲ. ಕೊನೆಗೆ ಅಂಟಿಸಿದ ಆ 'ಪಾಪ' ಅವನನ್ನು ಹೆಚ್ಚು ಸುಟ್ಟಿತು. ಡೆರಿಕ್‌ನ ಮಗಳ ಜ್ಞಾನಸ್ನಾನದ ದಿನ ಧರ್ಮಪಿತನಾಗಿ ಮಗುವನ್ನು ಎತ್ತಿಕೊಂಡು ನಿಂತಿದ್ದವನು ಇದೇ ಲೂಯಿಸ್.

ಗಿರಾಕಿಗಳು ಒಬ್ಬೊಬ್ಬರಾಗಿ ಕಾಪುವಿನ ದಾರಿ ಹಿಡಿದರು. ಕಡೆಗೆ ಗ್ಲ್ಯಾಡಿಸ್ ಟೀಚರೂ ಹೋದರು. ಅವನಿಗೆ ಅಕ್ಷರ ಕಲಿಸಿದವರು ಅವರು. ಅವರ ಹಳೆಯ ಕಾರನ್ನು ಅವನು ಪ್ರತಿಸಲವೂ ಗಾಜು ಒರೆಸಿ, ಗಡಿಯಾರ ಸರಿಮಾಡಿ, ಸೀಟಿಗೆ ತಾಗಿದ ಗ್ರೀಸಿನ ಕಲೆ ತೆಗೆದು ಕೊಡುತ್ತಿದ್ದ. ಎರಡು ವರ್ಷವಾದರೂ ಆ ಉರಿ ಆರಿರಲಿಲ್ಲ.

ದಾರಿ ತೋರಿಸಿದ್ದು, ತನಗೇ ಗೊತ್ತಿಲ್ಲದಂತೆ, ಹೆಂಡತಿ ಜೋಸ್ಲಿನ್. "ಭಾನುವಾರ ಚರ್ಚಿನ ಪೂಜೆ ಮುಗಿದದ್ದೇ ಟೀಚರ್ ಸೀದಾ ಕಾರ್ಕಳಕ್ಕಂತೆ. ತಮ್ಮನ ಮಗಳು ಮೆಲಿಷಾಳ ನಿಶ್ಚಿತಾರ್ಥ. ಅಜ್ಜಿಯ ಕಾಲದ ಸರ ಕೊಡ್ತಾರಂತೆ. ಡಬ್ಬಿ ಕಾರಲ್ಲೇ ಇರ್ತದಂತೆ. ಲಾಕ್ ಹಾಳಾಗಿತ್ತಲ್ವಾ, ಮೊನ್ನೆ ಲೂಯಿಸ್ ರಿಪೇರಿ ಮಾಡಿ ಕೊಟ್ಟನಂತೆ."

ಡೆರಿಕ್ ಊಟ ಮುಂದುವರಿಸಿದ. ಅನ್ನ ಮುಗಿಯುವುದರೊಳಗೆ ಉಪಾಯವೂ ಸಿದ್ಧವಾಗಿತ್ತು.

ಆ ಕಾರಿನ ರೋಗ ಅವನಿಗೆ ಕಾಣದೆಯೇ ಗೊತ್ತು. ರಿಮೋಟ್ ಒತ್ತಿದರೆ ಮೂರು ಬಾಗಿಲು ಲಾಕ್ ಆಗುತ್ತವೆ, ಎಡ ಹಿಂಬಾಗಿಲು ಆಗುವುದಿಲ್ಲ. ಮೋಟಾರು ಕೆಟ್ಟಿದೆಯೆಂದು ಅವಸರದವರು ಬದಲಾಯಿಸಲು ಹೊರಡುತ್ತಾರೆ. ನಿಜವಾಗಿ ಬಾಗಿಲಿಗೂ ಅದು ಕೂರುವ ಚೌಕಟ್ಟಿಗೂ ನಡುವಿನ ರಬ್ಬರ್ ಕೊಳವೆಯೊಳಗೆ, ತೆರೆದು ಮುಚ್ಚಿ ತೆರೆದು ಮುಚ್ಚಿ ವಯರು ತುಂಡಾಗಿರುತ್ತದೆ. ಲೂಯಿಸ್ ಅದನ್ನು ಜೋಡಿಸಿರುತ್ತಾನೆ. ಆ ಜೋಡಣೆ ಬಿಚ್ಚಿಹೋಗಬೇಕು, ಡಬ್ಬಿ ಮಾಯವಾಗಬೇಕು, ಅದು ಲೂಯಿಸ್‌ನ ವ್ಯಾನಿನಲ್ಲಿ ಸಿಗಬೇಕು. ಬೇಕೆಂದೇ ಕಚ್ಚಾ ರಿಪೇರಿ ಮಾಡಿ ಕದ್ದವನೆಂದು ಊರೇ ಹೇಳುತ್ತದೆ. ಸರದಲ್ಲಿ ಡೆರಿಕ್‌ಗೆ ಎಳ್ಳಷ್ಟೂ ಆಸೆಯಿಲ್ಲ. ಆದ್ದರಿಂದ ತಾನು ಕಳ್ಳನೂ ಅಲ್ಲ ಎಂದು ಅವನು ತನಗೇ ಸಮಾಧಾನ ಹೇಳಿಕೊಂಡ. ಟೀಚರ್ ಹಿಂದೊಮ್ಮೆ ಕೀ ಕಳೆದುಕೊಂಡಾಗ ಮಾಡಿಸಿದ್ದ ಎರಡು ನಕಲುಗಳಲ್ಲಿ ಒಂದು ಅವನ ಡ್ರಾಯರಿನಲ್ಲೇ ಉಳಿದಿತ್ತು. ಅವರಿಗದು ಮರೆತೇಹೋಗಿತ್ತು.

ಭಾನುವಾರ ಪಾದ್ರಿಗಳ ಪ್ರವಚನ ಸುರುವಾದದ್ದೇ ಲೂಯಿಸ್ ವಾಡಿಕೆಯಂತೆ ಬೀಡಿ ಸೇದಲು ಸ್ಮಶಾನದ ಕಡೆ ನಡೆದ. ಇಗರ್ಜಿಯ ಇನ್ನೊಂದು ಬಾಗಿಲಿನಿಂದ ಡೆರಿಕ್ ಹೊರಬಿದ್ದ. ಟೀಚರ ಕಾರು ಸಭಾಭವನದ ಹಿಂದೆ, ಹಲಸಿನ ಮರದಡಿ ಇತ್ತು.

ನಕಲು ಕೀಯಿಂದ ಬಾಗಿಲು ತೆರೆದು, ಮೊದಲು ಬಾನೆಟ್ ಎತ್ತಿ ಬ್ಯಾಟರಿ ಬಿಡಿಸಿದ. ತುಂಡು ವಯರು ಕಾರಿನ ತಗಡಿಗೆ ತಾಗಿದರೆ ಲಾಕುಗಳೆಲ್ಲ ಟಕಟಕ ಎನ್ನಬಹುದು; ಅವಸರದ ಕಳ್ಳನಿಗೆ ಇದು ಹೊಳೆಯುತ್ತಿರಲಿಲ್ಲ. ಎಡ ಹಿಂಬಾಗಿಲಿನ ಕೊಳವೆ ಸರಿಸಿದ. ಲೂಯಿಸ್‌ನ ಜೋಡಣೆ ಗಟ್ಟಿಯಾಗಿಯೇ ಇತ್ತು. ಅದಕ್ಕೂ ಸಿಟ್ಟು ಬಂತು. ಬಲವಾಗಿ ಎಳೆದು ಕಿತ್ತ. ಸೀಟಿನಡಿಯ ಡಬ್ಬಿಯನ್ನು ಎರಡು ಕಾರಿನಾಚೆ ಲಾಕ್ ಇಲ್ಲದೆ ನಿಂತಿದ್ದ ಲೂಯಿಸ್‌ನ ವ್ಯಾನಿಗೆ ಸಾಗಿಸಿ, ಸ್ಪ್ಯಾನರುಗಳ ಕೆಳಗೆ ತುರುಕಿದ. ಮರಳಿ ಬಂದು ಬ್ಯಾಟರಿ ಜೋಡಿಸಿದ. ಗುರುತು ಉಳಿಯಬಾರದೆಂದು, ಬ್ಯಾಟರಿ ಬಿಡಿಸಿದ್ದಕ್ಕೆ ಸೊನ್ನೆಗೆ ಇಳಿದಿದ್ದ ಕಾರಿನ ಗಡಿಯಾರವನ್ನೂ ಕೈಗಡಿಯಾರ ನೋಡಿ ಸರಿಮಾಡಿ, ಉಳಿದ ಮೂರು ಬಾಗಿಲು ಲಾಕ್ ಮಾಡಿದ. ಪ್ರವಚನ ಮುಗಿದು ವಿಶ್ವಾಸ ಸಂಗ್ರಹದ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಲ್ಲುವಾಗ ಅವನೂ ಬೆಂಚಿನಲ್ಲಿದ್ದ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಪೂಜೆ ಮುಗಿಸಿ ಕಾರಿಗೆ ಬಂದ ಟೀಚರ್ ಡಬ್ಬಿ ಕಾಣದೆ ಕೂಗಿದರು, ಜನ ಸೇರಿತು. "ಡೆರಿಕ್, ನೀನೊಮ್ಮೆ ನೋಡು ಪುತಾ," ಎಂದು ಅವರೇ ಹಿಂದಿನಂತೆ ಮಗನೆಂದು ಕರೆದರು. ಈ ಕರೆಗಾಗಿ ಅವನು ಎರಡು ವರ್ಷ ಕಾದಿದ್ದ. ಕೊಳವೆ ಸರಿಸಿ ವಯರು ತೋರಿಸಿದ. ಅವನ ಕೈ ನಡುಗಲಿಲ್ಲ. ಅದನ್ನು ಎಲ್ಲರೂ ನೋಡಲೆಂದೇ ನಿಧಾನವಾಗಿ ತೋರಿಸಿದ.

"ನಾನು ಗಟ್ಟಿ ಹಾಕಿದ್ದೆ ಟೀಚರ್," ಎಂದ ಲೂಯಿಸ್.

"ಹಾಗಾದರೆ ವ್ಯಾನ್ ತೋರಿಸಲಿಕ್ಕೆ ಎಂತ ತೊಂದರೆ?" ಎಂದ ಡೆರಿಕ್.

ಡಬ್ಬಿ ಸಿಕ್ಕಿತು. ಲೂಯಿಸ್ ಡೆರಿಕ್‌ನ ಕಡೆಗೇ ತಿರುಗಿದ. ಅವನು ಬೇರೆ ಯಾರನ್ನೂ ನೋಡಲಿಲ್ಲ. "ಡೆರಿಕ್, ನೀನಾದರೂ ಹೇಳು ಮಾರಾಯ. ನಾನು ಕಳ್ಳನಾ?" ಡೆರಿಕ್ ತನ್ನ ಚಪ್ಪಲಿಯ ತುದಿ ನೋಡಿದ. ಹೊಟ್ಟೆ ತಣ್ಣಗಾಗಬೇಕಿತ್ತು, ಯಾಕೋ ಆಗಲಿಲ್ಲ.

ಯಾರೋ ಪೊಲೀಸರಿಗೆ ಫೋನು ಹಚ್ಚಿದರು. ಕಾರ್ಕಳದಲ್ಲಿ ಕಾಯುತ್ತಿರುತ್ತಾರೆಂದು ಗಡಿಬಿಡಿಯಲ್ಲಿ ಟೀಚರ್ ಕಾರಿನಲ್ಲಿ ಕೂತು, ಹೊತ್ತೆಷ್ಟಾಯಿತೆಂದು ನೋಡಲು ಕೀ ತಿರುಗಿಸಿದರು. ಕಾರಿನ ಗಡಿಯಾರವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಇಗರ್ಜಿಯ ಗೋಪುರದ ಗಡಿಯಾರದ ಕಡೆ ಕತ್ತೆತ್ತಿದರು. "ಫೋನು ಇಡಿ," ಎಂದರು. ಡೆರಿಕ್‌ನ ಕಡೆ ತಿರುಗಿದರು. ಧ್ವನಿ ಮೆತ್ತಗಿತ್ತು, ಶಾಲೆಯಲ್ಲಿ ಅವನು ತಪ್ಪು ಬರೆದಾಗ ಇರುತ್ತಿದ್ದಂತೆ. "ಬ್ಯಾಟರಿ ಬಿಡಿಸಿದರೆ ಲೂಯಿಸ್ ಎಂದೂ ಗಡಿಯಾರ ಸರಿಮಾಡಿ ಕೊಟ್ಟವನಲ್ಲ, ಸೊನ್ನೆಯಲ್ಲೇ ಬಿಡುವುದು. ನಿನ್ನ ಹತ್ತಿರ ಬರುವುದು ನಿಂತ ಮೇಲೆ ನಾನೇ ಇಟ್ಟುಕೊಳ್ಳುತ್ತೇನೆ ಪುತಾ. ಪೂಜೆಗೆ ತಡವಾಗಬಾರದೆಂದು ಯಾವಾಗಲೂ ಕಾಲು ಗಂಟೆ ಮುಂದೆ. ಬೆಳಿಗ್ಗೆ ಬರುವಾಗಲೂ ಮುಂದೆಯೇ ಇತ್ತು. ಈಗ ಸರಿಯಾಗಿ ಉಂಟು, ನೀನು ಇಟ್ಟು ಕೊಡುತ್ತಿದ್ದ ಹಾಗೆ."