ಅರ್ಮೇನಿಯದವನ ಹೊಸ್ತಿಲುಗಲ್ಲು

"ಆ ಕಲ್ಲ ತುಳದ ಒಳಗ ಹೋಗ್ರಿ ಸಾವಕಾರ್ರ. ಎಬ್ಬಸಾಕ ಮಾತ್ರ ಹೋಗಬ್ಯಾಡ್ರಿ," ಎಂದು ಕೀಲಿಕೈ ಕೊಡುವಾಗ ಹುಸೇನಮಿಯಾ ಹೇಳಿದ್ದ. ಅಥಣಿ ಪೇಟೆಯ ಹಳೆಯ ವಖಾರಿಯನ್ನು ಮಾರಿದವನು ಅವನೇ. ಸರಕು ತುಂಬಿಡಲು ಅದನ್ನು ಕೊಂಡವನು ರಾಯಬಾಗ ಕಡೆಯ ಬೆಲ್ಲದ ವ್ಯಾಪಾರಿ ಬಾಹುಬಲಿ. ದೆವ್ವ ಅಂದರೆ ಹಲ್ಲು ಕಿಸಿಯುವ ಆಸಾಮಿ.

ಹೊಸ್ತಿಲಿನ ಜಾಗದಲ್ಲಿ ಮಲಗಿದ್ದ ಕರಿಕಲ್ಲಿನ ಮೇಲೆ ಬಳ್ಳಿ ಸುತ್ತಿದ ಶಿಲುಬೆ, ಕೊಕ್ಕೆಗಳಂಥ ಅಕ್ಷರಗಳು, ಎಲ್ಲ ಅರ್ಧ ಸವೆದಿದ್ದವು. ಅದರಡಿ ಆದಿಲಶಾಹಿ ಕಾಲದಲ್ಲಿ ರೇಷ್ಮೆ ಮಾರಲು ಬಂದ ಅರ್ಮೇನಿಯದವನೊಬ್ಬ ಮಲಗಿದ್ದಾನೆಂದು ಹುಸೇನಮಿಯಾನ ಮನೆತನದ ಮಾತು. ಇರಾನಿನ ಬಾದಶಹನ ಸೈನಿಕರು ಅವನ ಊರು ಜುಲ್ಫಾವನ್ನು ಬರಿದು ಮಾಡಿ, ಜನರನ್ನೆಲ್ಲ ಅರಸ್ ನದಿಗೆ ಅಟ್ಟಿದಾಗ, ಇವನು ಜೀವದಾಸೆಗೆ ತಾಯಿಯ ಕೈ ಬಿಡಿಸಿಕೊಂಡು ಈಜಿದ್ದ; ಆಕೆ ಮುಳುಗಿದ್ದಳು. ಅರ್ಮೇನಿಯದವರಲ್ಲಿ ದೊಡ್ಡವರೂ ಚರ್ಚಿನ ಬಾಗಿಲಲ್ಲೇ ಹುಗಿಸಿಕೊಳ್ಳುವ ಪದ್ಧತಿಯಿತ್ತು, ಬರುವವರ ಪಾದ ತಾಗಿ ಪಾಪ ಸವೆಯಲಿ ಎಂದು. ಇಲ್ಲಿ ಚರ್ಚು ಎಲ್ಲಿಯದು? ತನ್ನ ವಖಾರಿಯ ಬಾಗಿಲೇ ಸಾಕೆಂದ. ಸಾಯುವ ಮುಂಚೆ ಕಲ್ಲಿಗೆ ಮಾಟ ಕಟ್ಟಿಸಿದ: ಎಬ್ಬಿಸಿದವನಿಗೆ ಸವೆಯದೆ ಉಳಿದ ಪಾಪ.

ಮಾಡಿದ್ದುಣ್ಣೋ ಮಹಾರಾಯ, ಅವನ ಪಾಪ ಅವನೇ ಉಣ್ಣಲಿ ಎಂದು ಬಾಹುಬಲಿ ನಕ್ಕ. ಅವನ ತಾಪತ್ರಯ ಬೇರೆಯಿತ್ತು. ತಾಯಿ ತಾರಾಬಾಯಿ ವಾಸ್ತುಪೂಜೆಗೆ ಬರುವವಳಿದ್ದಳು. ಹೊಸ್ತಿಲು ತುಳಿಯುವುದೆಂದರೆ, ಅದರಲ್ಲೂ ಅಕ್ಷರ ತುಳಿಯುವುದೆಂದರೆ, ಆಕೆ ಊಟ ಬಿಟ್ಟಾಳು. ಗಂಡ ಸತ್ತ ಮೇಲೆ ಒಬ್ಬಳೇ ಇವನನ್ನು ಸಾಕಿದವಳು. ಆಕೆಯ ಮನಸ್ಸು ನೋಯುವುದು ಇವನಿಗೆ ಸಹಿಸಲಾಗದು. ಆಳುಗಳನ್ನು ಹಚ್ಚಿ ಕಲ್ಲು ಎಬ್ಬಿಸಿ ಹಿತ್ತಲ ಗೋಡೆಗೆ ಒರಗಿಸಿದ. ಪಾಪ, ತಾಯಿಗಾಗಿಯೇ ಮಾಡಿದ.

ಮರುದಿನ ವಖಾರಿಯಲ್ಲಿ ಬೆಲ್ಲದ ವಾಸನೆ ಅಡಗಿ ಹೊಳೆಯ ರಾಡಿಯ ವಾಸನೆ ಎದ್ದಿತು. ಒಣ ಫರಸಿಗಲ್ಲಿನ ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡಿದ್ದವು. ಕತ್ತಲ ಮೂಲೆಯಲ್ಲಿ ಬಹಳ ಜನ ಎದೆಮಟ್ಟದ ನೀರಿನಲ್ಲಿ ನಡೆದಂಥ ಸದ್ದು. ಇಲಿ ಎಂದ. ಮಾಳಿಗೆ ಸೋರುತ್ತದೆ ಎಂದ. ಅಂಗೈ ಒರೆಸಿದಷ್ಟೂ ಒದ್ದೆಯಾಗುತ್ತಿತ್ತು.

ಅದೇ ವರ್ಷ, ೧೯೮೪ರ ಶ್ರಾವಣದಲ್ಲಿ, ವಾಸ್ತುಪೂಜೆಗೆ ತಾಯಿಯನ್ನು ಕರೆತರಲು ಕೃಷ್ಣೆ ದಾಟಿ ಹೋದ. ತಿರುಗಿ ಬರುವಾಗ ಹೊಳೆ ಕೆಂಪಗೆ ಏರಿತ್ತು. ಅಂಬಿಗ ಮಲಕಾರಿ ನಾಳೆ ಹೋಗೋಣವೆಂದು ಎಷ್ಟು ಹೇಳಿದರೂ ಬಾಹುಬಲಿ ಕೇಳಲಿಲ್ಲ. ನಡುಹೊಳೆಯಲ್ಲಿ ಮೋಡ ಕವಿದು ಕತ್ತಲಾಯಿತು.

"ನನ್ನ ಕೈ ಹಿಡ್ಕೋಪಾ, ಅಂಜಿಕಿ ಬರತೈತಿ," ಎಂದಳು ತಾರಾಬಾಯಿ. ಹಿಡಿದುಕೊಂಡ.

ದೋಣಿ ಹೊಯ್ದಾಡಿತು. ರಾಡಿಯ ವಾಸನೆ. ಅದೇ ವಾಸನೆ. ಸುತ್ತ ನೀರಿನಲ್ಲಿ ತಲೆಗಳು. ನೂರಾರು. ಅರ್ಥವಾಗದ ಭಾಷೆಯಲ್ಲಿ ಹೆಂಗಸರ ಕೂಗು. ಅವನ ಕೈಯಲ್ಲಿದ್ದ ಕೈ ತಣ್ಣಗಾಯಿತು. ಊದಿತು. ಮೆತ್ತನೆಯ, ಉಗುರಿಲ್ಲದ ಬೆರಳುಗಳು. ಮುಂಗೈಗೆ ಬಿಗಿದವು. ನೀರಿಗೆ ಎಳೆದವು. ಇದು ಅವ್ವನ ಕೈಯಲ್ಲ. ಕೊಡವಿದ. ಬಿಡಲಿಲ್ಲ. ಕಾಲೆತ್ತಿ ಒದ್ದ. ಕೈ ಕಿತ್ತುಕೊಂಡ.

ಕೂಗು ನಿಂತಿತು. ನೀರಿನಲ್ಲಿ ಯಾರೂ ಇರಲಿಲ್ಲ. ಬಾಹುಬಲಿ ಏದುಸಿರು ಬಿಡುತ್ತ, ಪಾರಾದೆವು ಅವ್ವಾ ಎಂದು ಪಕ್ಕಕ್ಕೆ ತಿರುಗಿದ. ಪಕ್ಕದ ಹಲಗೆ ಖಾಲಿಯಿತ್ತು.

ಮಲಕಾರಿ ಹುಟ್ಟು ಕೈಬಿಟ್ಟು ಅವನನ್ನೇ ನೋಡುತ್ತಿದ್ದ.

"ನಿಮ್ಮವ್ವ ನಿಮ್ಮ ಹೆಸರ ಹಿಡದ ಕೂಗಾಕತ್ತಿದ್ಲಲ್ರಿ," ಎಂದ. "ಯಾಕ ಒದ್ದ್ರಿ?"