ದೇವರಕಾಡಿನ ತರಗೆಲೆ

“ಆ ಗಿಡಾನ ನೋಡ್ದಂಗೆ ನನ್ನೂ ಒಂದ್ಸಲ ನೋಡು ಬಾವ,” ಎಂದಳು ಮುತ್ತಿ.

ಬೊಳ್ಳಪ್ಪ ತಲೆಯೆತ್ತಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ಅವನು ಬಂಗಲೆಯ ಹೂದೋಟದ ಮಾಲಿ. ಅವಳು ಕೂಲಿ ಲೈನಿನಿಂದ ಕಾಫಿ ಪಿಕಿಂಗಿಗೆ ಬರುವ, ಅವನ ಸೋದರತ್ತೆಯ ಮಗಳು.

ಹಲಸು, ಬೀಟೆ ಮರಗಳ ನೆರಳಿನಲ್ಲಿ ಬಂಗಲೆಯ ಬಿಳಿ ದೊರೆಸಾನಿ ತನ್ನ ಸೀಮೆಯಿಂದ ತರಿಸಿ ನೆಡಿಸಿದ ಕೆಮೀಲಿಯಾ ಗಿಡಗಳು ಎಲೆ ಬಿಟ್ಟವೇ ಹೊರತು ಹೂ ಬಿಡಲಿಲ್ಲ. ಬಿಸಿಲು ಸೋಕಿದರೆ ಮುಖ ಸಿಂಡರಿಸುವ ಗಿಡ, ಥೇಟ್ ದೊರೆಸಾನಿಯ ಹಾಗೆ. ಈ ಚಳಿಗಾಲ ಹೂ ಬಿಟ್ಟರೆ ಬೊಳ್ಳಪ್ಪನಿಗೆ ತೋಟದ ಪಕ್ಕದಲ್ಲಿ ಮನೆ, ಮುತ್ತಿಯನ್ನು ಕೈಹಿಡಿಯಬಹುದು. ಬಿಡದಿದ್ದರೆ ಅವನೊಬ್ಬನನ್ನೇ ದೂರದ ಕರಿಕೆಯ ಎಸ್ಟೇಟಿಗೆ ಅಟ್ಟುವುದಾಗಿ ದೊರೆಸಾನಿ ಹೇಳಿಬಿಟ್ಟಿದ್ದಳು.

ನೆರಳಿನ ಗಿಡಕ್ಕೆ ಕೊಳೆತ ತರಗೆಲೆಯ ಕಪ್ಪು ಮಣ್ಣು ಬೇಕು. ದೇವರಕಾಡಿನಲ್ಲಿ ಅದು ಮೊಣಕಾಲುದ್ದ ಬಿದ್ದಿತ್ತು. ಆದರೆ ಅಲ್ಲಿಂದ ಒಂದು ಒಣಗಿದ ಎಲೆಯನ್ನೂ ಯಾರೂ ತರುವುದಿಲ್ಲ. ತಂದವರನ್ನು ಆ ಕಾಡಿನ ದೇವರು ಅಯ್ಯಪ್ಪ ಹುಡುಕಿಕೊಂಡು ಬರುತ್ತಾನೆ. ಮುತ್ತಿ ತಂದಳು. ಒಂದೇ ಬುಟ್ಟಿ. ಬೊಳ್ಳಪ್ಪನಿಗೂ ಹೇಳದೆ ಮೆಟ್ಟಿಲ ಬಳಿಯ ಗಿಡದ ಬುಡಕ್ಕೆ ಸುರಿದಳು. ಪ್ರೀತಿ ಬಂದವರಿಗೆ ದೇವರ ಭಯ ಸ್ವಲ್ಪ ತಡವಾಗಿ ಬರುತ್ತದೆ.

ಸುಗ್ಗಿಯ ಹುತ್ತರಿ ಹಬ್ಬ ಕಳೆಯುತ್ತಲೇ ಗಿಡಗಳಲ್ಲಿ ಕೆಂಪು ಮೊಗ್ಗು ಕಂಡಿತು. ಅದೇ ವಾರ ಬೊಳ್ಳಪ್ಪ ಚಳಿಜ್ವರದಿಂದ ಮಲಗಿದ. ತೋಟದಲ್ಲಿ ಹಕ್ಕಿಯ ಸದ್ದೂ ನಿಂತುಹೋದಂತೆ ಮುತ್ತಿಗೆ ಅನಿಸಿತು. ಕ್ವಿನೈನ್ ಕುಡಿದರೂ ಬಿಡದ ಆ ನಡುಕ ಎಲ್ಲಿಂದ ಬಂತೆಂದು ತನಗೊಬ್ಬಳಿಗೇ ಗೊತ್ತು ಎಂದುಕೊಂಡಳು.

ದೊರೆಸಾನಿ ಕ್ಲಬ್ಬಿಗೆ ಹೋದ ಮಧ್ಯಾಹ್ನ ಮುತ್ತಿ ಮೆಟ್ಟಿಲ ಬಳಿಯ ಆ ಗಿಡವನ್ನು ಮಣ್ಣುಸಮೇತ ಅಗೆದು ಬುಟ್ಟಿಗಿಟ್ಟಳು. ತಲೆಯೆತ್ತಿದರೆ ಕಂಬಳಿ ಹೊದ್ದ ಬೊಳ್ಳಪ್ಪ ಎದುರಿಗೇ ನಿಂತಿದ್ದ.

ಮುತ್ತಿ ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. “ದೇವ್ರ ಮಣ್ಣು ದೇವ್ರಿಗೇ ಕೊಟ್ಬಿಡ್ತೀನಿ. ನಂಗೆ ಮನೆ ಬ್ಯಾಡ ಬಾವ, ನೀನು ಬೇಕು.”

ಅವನು ಗಿಡಗಳನ್ನು ನೋಡುತ್ತಿದ್ದ ಹಾಗೆಯೇ ಬಹಳ ಹೊತ್ತು ಅವಳ ಮುಖ ನೋಡಿದ. ಆಮೇಲೆ ಮೊಗ್ಗು ತುಂಬಿದ ಉಳಿದ ಸಾಲಿನತ್ತ ಕೈ ತೋರಿಸಿದ.

“ನೀನು ಒಂದು ಬುಟ್ಟಿ ತಂದೆ. ಆ ಸಾಲಿಗೆಲ್ಲ ಅದೇ ಮಣ್ಣು ತಂದು ಹಾಕಿದ್ದು ನಾನು ಕಣೆ. ನಿನ್ ಬಿಟ್ಟು ಕರಿಕೆಗೆ ಹೋಗೋಕಾಗ್ದೆ.”

ಇಬ್ಬರೂ ಸೇರಿ ಆ ಸಾಲನ್ನೂ ಅಗೆಯತೊಡಗಿದರು. ಗೇಟಿನಲ್ಲಿ ದೊರೆಸಾನಿಯ ಗಾಡಿಯ ಸದ್ದಾಯಿತು. ಕರಿಕೆಗೆ ಅಟ್ಟಿದರೆ ಇಬ್ಬರೂ ಹೋಗುವುದೇ ಎಂದು ಅವನು ಹೇಳಿದ; ಅವಳು ಹೂಂ ಎಂದು ತಲೆಯಾಡಿಸಿದಳು. ಆಗ ಗುದ್ದಲಿ ಹಿಡಿದ ಮುತ್ತಿಯ ಕೈ ಸಣ್ಣಗೆ ನಡುಗಿತು. ದೊರೆಸಾನಿಯ ಹೆದರಿಕೆ ಇರಬೇಕು ಎಂದುಕೊಂಡಳು. ಹಲ್ಲು ಕಟಕಟ ಎನ್ನತೊಡಗಿದಾಗ ಬೊಳ್ಳಪ್ಪನಿಗೆ ಕಾಣದಂತೆ ಸೆರಗನ್ನು ಬಿಗಿಯಾಗಿ ಹೊದ್ದು, ಮುಂದಿನ ಗಿಡದ ಬುಡಕ್ಕೆ ಕೈ ಹಾಕಿದಳು.