ಒಂದು ಕುರ್ಚಿಯ ವಾಲಿಕೆ

“ಇನ್ನೂ ಅರ್ಧ ಸೆಕೆಂಡು ಕೈ ಹಿಡಿದೇ ಇರಿ. ಈಗ ಬಿಡಿ,” ಎಂದು ಸಮದರ್ಶಿ ನೀಲಾಂಬಿಕಾ ಹೊಸಮನಿಯವರ ಕಿವಿಯಲ್ಲಿ ಪಿಸುಗುಟ್ಟಿತು. ಅವರು ಬಿಟ್ಟರು. ದಪ್ಪ ಮೀಸೆಯ ಅಭ್ಯರ್ಥಿ ದಸಾಲ್ ಮುಂದಕ್ಕೆ ಸರಿದ. ಅವನ ಎದುರಾಳಿ ಇರಾಮು ಎಂಬ ಹೆಂಗಸಿನ ಕೈಯನ್ನೂ ಹತ್ತು ನಿಮಿಷದ ಹಿಂದೆ ಅಷ್ಟೇ ಹೊತ್ತು ಹಿಡಿದದ್ದಾಗಿತ್ತು. ಇಬ್ಬರಿಗೂ ಒಂದೇ ಅಗಲದ ನಗು, ಒಂದೇ ಎತ್ತರದ ಆಸನ, ತಟ್ಟೆಗೆ ಎರಡೆರಡು ಕೋಡುಬಳೆ. ಇರಾಮುವಿನ ತಟ್ಟೆಯಲ್ಲಿ ಒಂದು ಕೋಡುಬಳೆ ಮುರಿದಿತ್ತೆಂದು ದಸಾಲ್‌ನ ತಟ್ಟೆಯಲ್ಲೂ ಒಂದನ್ನು ಮುರಿದೇ ಇಟ್ಟಿದ್ದರು.

ಅದು 2064ನೆಯ ಇಸವಿ. ಸೆರೂವ ಎಂಬ ಪುಟ್ಟ ದ್ವೀಪದೇಶದ ಅಧ್ಯಕ್ಷ ಚುನಾವಣೆಗೆ ಇನ್ನು ಆರು ತಿಂಗಳಿತ್ತು. ನೀಲಾಂಬಿಕಾ ಅಲ್ಲಿ ನಮ್ಮ ದೇಶದ ರಾಯಭಾರಿ. ಪರದೇಶದ ಚುನಾವಣೆಯಲ್ಲಿ ರಾಯಭಾರಿಗಳು ಯಾರ ಪರವೂ ಕಾಣಬಾರದು ಎಂಬುದು ಹಳೆಯ ನೀತಿ. ಅದನ್ನು ಅಳೆದು ತೋರಿಸುವ ಯಂತ್ರ ಸಮದರ್ಶಿ ಮಾತ್ರ ಹೊಸದು. ಕಚೇರಿಯ ಗೋಡೆಗಳಲ್ಲಿ, ಕಾರಿನಲ್ಲಿ, ಸೀರೆಯ ಪಿನ್ನಿನಲ್ಲಿ ಕೂತ ಸಾಸಿವೆ ಕಾಳಿನಷ್ಟು ಸಂವೇದಕಗಳು ಮಾತು, ನಗು, ನಡಿಗೆ ಎಲ್ಲವನ್ನೂ ಗಮನಿಸುತ್ತಿದ್ದವು. ಇದನ್ನು ಈ ಊರಿನ ಜನ ನೋಡಿದರೆ ಯಾರ ಪರ ಎಂದು ತಿಳಿಯುತ್ತಾರೆ ಎಂದು ಸಮದರ್ಶಿ ಲೆಕ್ಕ ಹಾಕಿ, ತಕ್ಕಡಿಯ ಮುಳ್ಳಿನ ಹಾಗೆ ಎಷ್ಟು ಡಿಗ್ರಿ ವಾಲಿತೆಂದು ಹೇಳುತ್ತಿತ್ತು. ಆ ಅಂಕಿಗೆ ವಾಲಿಕೆ ಎಂದು ಹೆಸರು. ಎರಡು ಡಿಗ್ರಿ ದಾಟಿದರೆ ರಾಯಭಾರಿ ಮರುದಿನವೇ ಗಂಟುಮೂಟೆ ಕಟ್ಟಬೇಕು.

ನಗೆಯಾಡುವ ವಿಷಯವಲ್ಲ ಇದು. ಹನ್ನೆರಡು ವರ್ಷದ ಹಿಂದೆ ಪಕ್ಕದ ದ್ವೀಪದಲ್ಲಿ ಯಾವುದೋ ದೇಶದ ರಾಯಭಾರಿ ಅಭ್ಯರ್ಥಿಯೊಬ್ಬನ ಮಗಳ ಮದುವೆಯಲ್ಲಿ ಕುಣಿದಿದ್ದ. ಅಷ್ಟಕ್ಕೇ ಗುಲ್ಲೆದ್ದು, ಬೀದಿಗಳು ಹೊತ್ತಿ ಉರಿದು ಇನ್ನೂರು ಜನ ಸತ್ತರು. ಆ ಬೀದಿಗಳ ಬೂದಿಯನ್ನು ಕಣ್ಣಾರೆ ಕಂಡ ಮೇಲೆಯೇ ಮೈಸೂರಿನ ಡಾ. ಯತಿರಾಜ ಈ ಯಂತ್ರ ಕಟ್ಟಲು ಕೂತದ್ದು.

ಸೆರೂವದಲ್ಲಿ ನೀಲಾಂಬಿಕಾ ಒಂಟಿ. ಗಂಡ ತೀರಿಕೊಂಡು ಎಂಟು ವರ್ಷ. ನಿವಾಸದಲ್ಲಿ ಹನ್ನೆರಡು ಕೋಣೆ, ಊಟದ ಮೇಜಿನ ಸುತ್ತ ಹದಿನೆಂಟು ಕುರ್ಚಿ, ಕೂತು ಉಣ್ಣುವವರು ಒಬ್ಬರು. ಗದಗಿನಿಂದ ತರಿಸಿಕೊಂಡ ಶೇಂಗಾ ಚಟ್ನಿಪುಡಿ ರುಚಿಯಾಗಿದೆ ಎಂದು ಹೇಳಲಿಕ್ಕೂ ಎದುರಿಗೆ ಜನವಿಲ್ಲ.

ಒಬ್ಬಳಿದ್ದಳು, ಕಾಂಪೌಂಡ್ ಗೋಡೆಯ ಆಚೆ. ನೊವೇಲಾ, ಎಂಬತ್ತು ದಾಟಿದ ಮುದುಕಿ. ಚಟ್ನಿಪುಡಿಯನ್ನು ಬೆರಳಿಗೆ ಹಚ್ಚಿ ನೆಕ್ಕಿ, ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಕೇಳಿದವಳು. ಆ ಮೋಟು ಗೋಡೆಯ ಮೇಲೆ ಬಳಪದಲ್ಲಿ ಮನೆ ಬರೆದು ನೀಲಾಂಬಿಕಾ ಅವಳಿಗೆ ಚೌಕಾಬಾರ ಕಲಿಸಿದರು. ಸಂಜೆ ಐದಕ್ಕೆ ಇಬ್ಬರೂ ಗೋಡೆಯ ಆಚೆ ಈಚೆ ನಿಂತು ಹುಣಸೆಬೀಜ ಎಸೆಯುತ್ತಿದ್ದರು. ನೊವೇಲಾ ಕಳ್ಳಾಟದಲ್ಲಿ ಪಳಗಿದ ಕೈ. ಮಾತಿಗೆಳೆದು, ಹೆಬ್ಬೆರಳಿನಿಂದ ಒಂದು ಬೀಜವನ್ನು ಮೆಲ್ಲಗೆ ಮಗುಚಿಬಿಡುತ್ತಿದ್ದಳು. ನೀಲಾಂಬಿಕಾ ಅದನ್ನು ಮೊದಲ ವಾರವೇ ಕಂಡಿದ್ದರು, ಕಾಣದವರಂತೆ ಸೋಲುತ್ತಿದ್ದರು. ಸೋಲಲಿಕ್ಕಾದರೂ ಒಬ್ಬರು ಬೇಕಲ್ಲ!

ಇರಾಮು ಈ ನೊವೇಲಾಳ ಮಗಳು. ಅವಳು ನಾಮಪತ್ರ ಸಲ್ಲಿಸಿದ ದಿನ ಸಂಜೆ ನೀಲಾಂಬಿಕಾ ಗೋಡೆಯತ್ತ ಹೊರಟಾಗ ಕಿವಿಯಲ್ಲಿ ಧ್ವನಿ ಬಂತು: “ವಾಲಿಕೆ, ಒಂದು ಪಾಯಿಂಟ್ ಒಂದು. ದಿನವೂ ಹೋದರೆ ಎರಡು ದಾಟುತ್ತದೆ.” ಯಾಕೆ ಬರುವುದಿಲ್ಲ ಎಂದು ಮುದುಕಿಗೆ ಹೇಳಿ ಕಳಿಸೋಣವೆಂದರೆ ಹಾಗೆ ಹೇಳಿ ಕಳಿಸುವುದೂ ವಾಲಿಕೆಯೇ. ನಾಲ್ಕು ಸಂಜೆ ನೊವೇಲಾ ಬೀಜ ಹಿಡಿದು ಗೋಡೆಯ ಬಳಿ ನಿಂತದ್ದನ್ನು ನೀಲಾಂಬಿಕಾ ಪರದೆಯ ಸಂದಿಯಿಂದ ನೋಡಿದರು. ಐದನೆಯ ದಿನ ಮಳೆ ಬಂದು ಬಳಪದ ಗೆರೆ ತೊಳೆದುಹೋಯಿತು. ಆಮೇಲೆ ಅವಳು ನಿಲ್ಲಲಿಲ್ಲ.

ಮತದಾನಕ್ಕೆ ಐದು ದಿನವಿದೆ ಎನ್ನುವಾಗ, ಒಂದು ಬೆಳಗ್ಗೆ ಪಕ್ಕದ ಅಂಗಳದಲ್ಲಿ ಕುರ್ಚಿ ಎಳೆಯುವ ಸದ್ದು ಕೇಳಿತು. ನೊವೇಲಾ ತೀರಿಕೊಂಡಿದ್ದಳು.

ಸೆರೂವದಲ್ಲಿ ಸಾವಿನ ಮನೆಗೆ ಹೂವು ಒಯ್ಯುವುದಿಲ್ಲ. ತಮ್ಮ ಮನೆಯ ಒಂದು ಕುರ್ಚಿಯನ್ನು ಹೊತ್ತು ತಂದು, ಅಂಗಳದಲ್ಲಿ ಹಾಕಿಕೊಂಡು ಸ್ವಲ್ಪ ಹೊತ್ತು ಕೂತು, ಕುರ್ಚಿಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಒಂಬತ್ತು ದಿನ ಅದು ಅಲ್ಲಿರುತ್ತದೆ. ನಾನು ಎದ್ದುಹೋದರೂ ನೀವು ಒಬ್ಬರೇ ಅಲ್ಲ ಎಂದು ಅದರ ಅರ್ಥ. ಒಂಬತ್ತನೆಯ ದಿನ ಮನೆಯವರು ಕುರ್ಚಿಗಳನ್ನೆಲ್ಲ ಮನೆಮನೆಗೆ ಮುಟ್ಟಿಸುತ್ತಾರೆ.

ಯಂತ್ರದ ಕೆಲಸ ನೋಡಲೆಂದು ಯತಿರಾಜರು ಆ ವಾರ ಸೆರೂವಕ್ಕೇ ಬಂದಿದ್ದರು. ನೀಲಾಂಬಿಕಾ ನೇರವಾಗಿ ಅವರಿದ್ದ ಕೋಣೆಗೆ ಹೋದರು.

“ಡಾಕ್ಟ್ರ, ನಾ ಹೋಗಿ ಬರ್ತೀನ್ರಿ. ಹತ್ತ ನಿಮಿಷ ಅಷ್ಟ.”

“ಮೂರು ಪಾಯಿಂಟ್ ನಾಲ್ಕು ತೋರಿಸ್ತಾ ಇದೆ ಮೇಡಂ.”

“ಮದುವಿಗೆ ಕರದ್ರ ಹೋಗು, ಸಾವಿಗೆ ಕರೀದಿದ್ರೂ ಹೋಗು ಅಂತಾರ ನಮ್ಮ ಕಡೆ. ನಿಮ್ಮ ಮೈಸೂರಾಗ ಅನ್ನೂದಿಲ್ಲೇನು?”

“ಅಂತಾರೆ ಮೇಡಂ.” ಯತಿರಾಜರು ಕನ್ನಡಕ ತೆಗೆದು ಒರೆಸಿದರು. “ಆದ್ರೆ ಕ್ಯಾಮೆರಾದವರು ಆಗಲೇ ಬೀದೀಲಿ ನಿಂತಿದ್ದಾರೆ. ನಿಮ್ಮ ಕುರ್ಚಿ ಅಲ್ಲಿ ಕಂಡ್ರೆ ಸಂಜೆ ಹೊತ್ತಿಗೆ ಬಂದರಿನ ಬೀದಿಗಳಲ್ಲಿ ಬೆಂಕಿ ಬೀಳುತ್ತೆ. ನಿಮ್ಮ ದುಃಖ ಸುಳ್ಳು ಅಂತ ಯಂತ್ರ ಹೇಳ್ತಿಲ್ಲ. ನೋಡೋರಿಗೆ ಅದು ಹೇಗೆ ಕಾಣುತ್ತೆ ಅಂತ ಮಾತ್ರ ಹೇಳುತ್ತೆ.”

“ಹಂಗಾರ ಸರಿದೂಗ್ಸೂ ದಾರಿ ಕೇಳ್ರಿ ಅದನ್ನ. ಕೋಡಬಳಿ ಮುರದಿಡಾಕ ಬರ್ತದಲ್ಲ ಅದಕ್ಕ!”

ಯತಿರಾಜರು ಕೇಳಿದರು. ಪರದೆಯ ಮೇಲೆ ಉತ್ತರ ಮೂಡಿತು: ‘ದಸಾಲ್ ಕುಟುಂಬದಲ್ಲಿ ಸರಿಸಮನಾದ ಸಾವು ಸದ್ಯಕ್ಕಿಲ್ಲ. ಸೋದರತ್ತೆ, ವಯಸ್ಸು ತೊಂಬತ್ತೊಂದು, ಹಾಸಿಗೆ ಹಿಡಿದಿದ್ದಾರೆ. ಒಂಬತ್ತು ದಿನದೊಳಗೆ ಸಾಯುವ ಸಂಭವ ನೂರಕ್ಕೆ ಆರು. ಕಾಯಬಹುದು.’ ಅವರು ಗಡಬಡಿಸಿ ಪರದೆ ಆರಿಸಿದರು. ನೀಲಾಂಬಿಕಾ ಓದಿಯಾಗಿತ್ತು.

ಮರುದಿನ ಚಹಾ ಕುಡಿಯುತ್ತ ನೀಲಾಂಬಿಕಾ ತಾವಾಗಿಯೇ ಆ ಅಂಕಿಯನ್ನು ಕೇಳಿದರು. ನೂರಕ್ಕೆ ಹದಿನಾಲ್ಕು. ಸದ್ಯ, ಏರಿತು ಎಂದು ಮನಸ್ಸು ಹಗುರಾಯಿತು. ಹಗುರಾದದ್ದು ಅರಿವಾದ ಕೂಡಲೇ ಅವರು ಚಹಾದ ಲೋಟವನ್ನು ದೂರ ಸರಿಸಿದರು. ಕಂಡು ಕೇಳರಿಯದ ಒಬ್ಬ ಮುದುಕಿ ಸಾಯಲಿ ಎಂದು ಹಾರೈಸುವಷ್ಟು ದೂರ ಬಂದಿದ್ದೆ ಎಂದು ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಆ ಸೋದರತ್ತೆಯೋ, ಗಟ್ಟಿ ಪಿಂಡ. ಮೂರನೆಯ ದಿನ ಎದ್ದು ಕೂತು ಗಂಜಿ ಕುಡಿದಳು.

ನೀಲಾಂಬಿಕಾ ಹೋಗಲಿಲ್ಲ. ಬಂದರಿನ ಬೀದಿಗಳಲ್ಲಿ ಮಕ್ಕಳಿದ್ದವು. ಕಿಟಕಿಯಿಂದ ಅವರು ಪಕ್ಕದಂಗಳದ ಕುರ್ಚಿಗಳನ್ನು ಎಣಿಸಿದರು. ಎಪ್ಪತ್ತಮೂರು.

ಚುನಾವಣೆ ಶಾಂತವಾಗಿ ನಡೆಯಿತು. ಎರಡೂವರೆ ಸಾವಿರ ಮತಗಳಿಂದ ದಸಾಲ್ ಗೆದ್ದ. ಒಂದು ಅಂಗಡಿಯ ಗಾಜೂ ಒಡೆಯಲಿಲ್ಲ. ಹೊಸ ಅಧ್ಯಕ್ಷನ ಪ್ರಮಾಣವಚನದ ತನಕ ನಿಯಮ ಸಡಿಲವಾಗುವಂತಿರಲಿಲ್ಲ. ಅದು ಮುಗಿಯುವಾಗ ನೊವೇಲಾ ಸತ್ತು ಹದಿನೈದು ದಿನವಾಗಿತ್ತು. ಅಂದು ನೀಲಾಂಬಿಕಾ ಹದಿನೆಂಟರಲ್ಲಿ ಒಂದು ಕುರ್ಚಿಯನ್ನು ತಾವೇ ಹೊತ್ತು ಪಕ್ಕದ ಮನೆಗೆ ಹೋದರು.

ಅಂಗಳ ಗುಡಿಸಿ ಖಾಲಿಯಾಗಿತ್ತು. ಇರಾಮು ಬಾಗಿಲಲ್ಲಿ ನಿಂತು ಕುರ್ಚಿಯನ್ನೂ ಅವರನ್ನೂ ನೋಡಿದಳು.

“ಈಗ ಅದನ್ನು ಇಡುವ ಹಾಗಿಲ್ಲ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮ ಪಕ್ಷದವರೂ ನಿಮ್ಮಂಥದೇ ಒಂದು ಯಂತ್ರ ತಂದಿದ್ದರು. ನಿಮ್ಮ ಕುರ್ಚಿ ಬಂದರೆ ನಾಲ್ಕು ಸಾವಿರ ಮತ ಎಂದು ಅದು ಹೇಳಿತು. ಮೊದಲ ದಿನ ನಾನು ಮತಕ್ಕಾಗಿಯೇ ನಿಮ್ಮ ಗೇಟು ನೋಡುತ್ತ ಕೂತಿದ್ದೆ. ಏಳನೆಯ ದಿನ ಮತದಾನ ಮುಗಿದುಹೋಗಿತ್ತು. ಆಗಲೂ ನೋಡುತ್ತಿದ್ದೆ.”

ನೀಲಾಂಬಿಕಾ ಕೇಳಿದರು: “ನೊವೇಲಾಳಿಗೆ ನನ್ನ ಮೇಲೆ ಕೋಪವಿತ್ತೇ?”

“ಕೋಪವೇ? ಇಲ್ಲ. ಕಳ್ಳಾಟ ಆಡಿದ್ದು ನಿಮಗೆ ಗೊತ್ತಾಗಿ ನೀವು ಬರುವುದು ಬಿಟ್ಟಿರಿ ಎಂದುಕೊಂಡಿದ್ದಳು. ಕೊನೆಯವರೆಗೂ ಅದೇ ಕೊರಗು.” ಇರಾಮು ಒಳಗೆ ಹೋಗಿ ಪುಟ್ಟ ಬಟ್ಟೆಯ ಗಂಟೊಂದನ್ನು ತಂದು ಅವರ ಕೈಗಿತ್ತಳು. ಬಿಚ್ಚಿದರೆ ನಾಲ್ಕು ಹುಣಸೆಬೀಜ.

ಕುರ್ಚಿ ಹೊತ್ತು ಹಿಂದಿರುಗುವಾಗ ನೀಲಾಂಬಿಕಾ ನಡುಬೀದಿಯಲ್ಲೇ ಅತ್ತರು. ಕಿವಿಯಲ್ಲಿ ಸಮದರ್ಶಿ, “ವಾಲಿಕೆ ಸೊನ್ನೆ,” ಎಂದಿತು.

ಸಂಜೆ ಯತಿರಾಜರು ಹೊರಡುವ ಮುನ್ನ ವಿದಾಯ ಹೇಳಲು ಬಂದರು. ಯಂತ್ರ ಗೆದ್ದಿತ್ತು. ಇನ್ನೂ ಹದಿನಾರು ದೇಶಗಳು ಕೇಳಿದ್ದವು. ಮೈಸೂರಿನಲ್ಲಿ ಮನೆಬಳಕೆಗೆಂದು ಒಂದು ಚಿಕ್ಕ ಮಾದರಿಯೂ ತಯಾರಾಗುತ್ತಿತ್ತು. ನೀಲಾಂಬಿಕಾ ಬೀಜಗಳನ್ನು ಅಂಗೈಯಲ್ಲಿ ಆಡಿಸುತ್ತ ಕೂತಿದ್ದರು.

“ಒಂದ ಮಾತ ಕೇಳ್ತೀನ್ರಿ. ಹೋದ್ರ ಏನ ಅನ್ಕೋತಾರ, ಹೋಗದಿದ್ರ ಏನ ಅನ್ಕೋತಾರ, ಇಷ್ಟೆಲ್ಲ ಇದಕ್ಕ ಕಲಿಸಿದವರು ಯಾರು? ನೀವಾ?”

“ನಾನಲ್ಲ ಮೇಡಂ. ನನಗೆಲ್ಲಿ ಬರುತ್ತೆ ಅದೆಲ್ಲ? ಈ ಊರಿನ ರೀತಿನೀತಿ ಅದು ಆಮೇಲೆ ಕಲಿತದ್ದು. ಮೊದಲ ಪಾಠ ಎಲ್ಲ ಹಳೇ ಮೆಸೇಜುಗಳಿಂದ. ನಲವತ್ತು ವರ್ಷದ ಹಿಂದಿನವು. ಮನೆಯವರ ಗುಂಪು, ಅಪಾರ್ಟ್‌ಮೆಂಟ್ ಗುಂಪು, ಅಂಥವು. ಕೋಟಿಗಟ್ಟಲೆ ಇದ್ದವು. ಯಾರೂ ಕಲಿಸೋದೇ ಬೇಕಿರ್ಲಿಲ್ಲ, ಎಲ್ಲ ಅವರೇ ಬರೆದಿಟ್ಟಿದ್ರು.”

“ಒಂದು ತೋರಸ್ರಿ.”

ಯತಿರಾಜರು ಹುಡುಕಿ, ಯಂತ್ರ ಓದಿದ ಮೊಟ್ಟಮೊದಲ ಸಂದೇಶವನ್ನೇ ಅವರ ಮುಂದಿಟ್ಟರು. ಯಾವುದೋ ಅಪಾರ್ಟ್‌ಮೆಂಟಿನದು, ಬರೆದವರ ಹೆಸರು ಅಳಿಸಿತ್ತು:

‘ಮೂರನೇ ಮಹಡಿಯ ಅಂಕಲ್ ತೀರಿಕೊಂಡರಂತೆ, ಪಾಪ. ಅವರ ಸೊಸೆ ಸಂಘದ ಎಲೆಕ್ಷನ್‌ಗೆ ನಿಂತಿದ್ದಾರಲ್ಲ, ಈಗ ಹೋದರೆ ನೋಡಿದವರು ಏನಂದುಕೊಳ್ಳುತ್ತಾರೋ. ಎಲೆಕ್ಷನ್ ಮುಗೀಲಿ, ಆಮೇಲೆ ಹೋಗಿ ಬರೋಣ.’

ಅದರ ಕೆಳಗೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದರು.